ಊರು ಕಟ್ಟಿದ ಶಾಲೆ

ವಿಜಯಪುರ ಜಿಲ್ಲೆಯೆಂದೊಡನೆ ಅನೇಕರ ಮನಸ್ಸಿಗೆ ಮೊದಲು ಬರುವುದು ಬರಗಾಲ. ಆದರೆ ವಿದ್ಯೆಯ ಮಟ್ಟಿಗೆ ಈ ಎರೆನೆಲವು ಬರಡಾದುದಲ್ಲ. ಬಸವನ ಬಾಗೇವಾಡಿ ತಾಲೂಕಿನ ಮನಗೂಳಿಯಲ್ಲಿ ಕೌಮಾರ ವ್ಯಾಕರಣವನ್ನು ಪಾಠ ಹೇಳುವ ಉಪಾಧ್ಯಾಯರಿಗಾಗಿ ಭೂಮಿಯನ್ನು ಬಿಟ್ಟಿದ್ದ ಸಂಗತಿಯು ಅಲ್ಲಿಯ 12ನೆಯ ಶತಮಾನದ ಶಾಸನದಿಂದ ತಿಳಿದುಬರುತ್ತದೆ. ಅದಕ್ಕೂ ಎರಡು ಶತಮಾನಗಳ ಹಿಂದೆ, ಇಂಡಿ ತಾಲೂಕಿನ ಸಾಲೋಟಗಿಯಲ್ಲಿ ದೊಡ್ಡದೊಂದು ವಿದ್ಯಾಲಯವೇ ನಡೆದಿತ್ತು. ಆ ಊರಿನ ಹಳೆಯ ಹೆಸರು ಪಾವಿಟ್ಟಗೆ. ಶಾಲೆಯ ಕೀರ್ತಿಯಿಂದ ಅದು ಶಾಲಾಪಾವಿಟ್ಟಗೆಯಾಗಿ, ಜನರ ಬಾಯಲ್ಲಿ ಸವೆದು ಸಾಲೋಟಗಿಯಾಯಿತೆಂದು ವಿದ್ವಾಂಸರು ಹೇಳುತ್ತಾರೆ. ಊರಿನಿಂದ ಶಾಲೆಗೆ ಹೆಸರು ಬರುವುದು ಲೋಕರೂಢಿ. ಶಾಲೆಯಿಂದ ಊರಿಗೆ ಹೆಸರು ಬಂದುದು ಇಲ್ಲಿಯ ವಿಶೇಷ.

ಸಾಲೋಟಗಿಯ ಕಂಬದ ಶಾಸನವು ಕ್ರಿ.ಶ. 945ರದು. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ಅಲ್ಲಿ ಶಾಲೆಯನ್ನು ಕಟ್ಟಿಸಿದನು. ನಾನಾ ಜನಪದಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರು. ಅವರ ವಾಸಕ್ಕೆ 27 ಮನೆಗಳು, ಮುಖ್ಯ ಅಧ್ಯಾಪಕನಿಗೆ 50 ನಿವರ್ತನ ಭೂಮಿ, ದೀಪದ ವೆಚ್ಚಕ್ಕೆಂದೇ ಬೇರೆಯಾಗಿ 12 ನಿವರ್ತನ ಭೂಮಿ ಗೊತ್ತಾಗಿದ್ದವು. ಹುಡುಗರು ರಾತ್ರಿಯೂ ಓದಬೇಕು, ಓದಲು ಬೆಳಕು ಬೇಕು, ಬೆಳಕಿಗೆ ಎಣ್ಣೆ ಬೇಕು ಎಂಬಲ್ಲಿಯವರೆಗೆ ವ್ಯವಸ್ಥಾಪಕರ ವಿಚಾರ ಹೋಗಿತ್ತು.

ಇಷ್ಟೇ ಆಗಿದ್ದರೆ ಇದು ರಾಜಾಶ್ರಯದ ಮಾತಾಗುತ್ತಿತ್ತು. ಊರವರೂ ಕಟ್ಟುಪಾಡು ಮಾಡಿಕೊಂಡರು. ತಮ್ಮಲ್ಲಿ ಮದುವೆಯಾದಾಗ 5 ನಾಣ್ಯ, ಉಪನಯನಕ್ಕೆ ಅದರ ಅರ್ಧ, ಚೌಲಕ್ಕೆ ಅದಕ್ಕೂ ಅರ್ಧವನ್ನು ಶಾಲೆಗೆ ಸಲ್ಲಿಸಬೇಕೆಂದು ನಿಯಮವಾಯಿತು. ಮನೆಯ ಶುಭಕಾರ್ಯದ ಸಂತೋಷದಲ್ಲಿ ಪರಸ್ಥಳದ ಹುಡುಗನಿಗೂ ಒಂದು ಪಾಲು ಇರಬೇಕೆಂಬುದು ಇದರ ಅಭಿಪ್ರಾಯ. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕುವುದು ಕಷ್ಟ.

ಆದರೆ ಸತ್ಯದ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಸಾಲೋಟಗಿಯ ದೀಪವು ಎಲ್ಲರ ಮಕ್ಕಳಿಗೆ ಉರಿಯಲಿಲ್ಲ. ಆ ಹೊಲಗಳನ್ನು ಉತ್ತವರ ಮಕ್ಕಳು ಶಾಲೆಯ ಜಗಲಿಯ ಆಚೆಗೇ ಉಳಿದರು. ಆದುದರಿಂದ ಹಿಂದಿನವರಿಂದ ಕಲಿಯತಕ್ಕುದು ಅವರ ಸಹಕಾರದ ಕ್ರಮವನ್ನು. ಅವರ ಬಾಗಿಲಿನ ಅಳತೆಯನ್ನಲ್ಲ.

ಈಗ ಬಾಗಿಲೇನೋ ತೆರೆದಿದೆ. ಆದರೂ ಹಿಂಗಾರಿ ಕೈಕೊಟ್ಟ ವರ್ಷ ಈ ಸೀಮೆಯ ಬಡ ಕುಟುಂಬಗಳು ಕಬ್ಬು ಕಡಿಯಲೆಂದೋ ಕಟ್ಟಡದ ಕೆಲಸಕ್ಕೆಂದೋ ಮಹಾರಾಷ್ಟ್ರಕ್ಕೆ, ಗೋವೆಗೆ, ಬೆಂಗಳೂರಿಗೆ ಗುಳೆ ಹೋಗುತ್ತವೆ. ತಾಯಿತಂದೆಗಳ ಬೆನ್ನಿಗೆ ಮಕ್ಕಳೂ ಹೋಗುತ್ತಾರೆ. ನಾಲ್ಕು ತಿಂಗಳು ಕಳೆದು ಮರಳಿ ಬಂದ ಹುಡುಗನಿಗೆ ತರಗತಿಯ ಪಾಠವು ಬಹು ಮುಂದೆ ಹೋಗಿರುತ್ತದೆ. ಯಾರೂ ಅವನನ್ನು ಹೊರಗೆ ಹಾಕುವುದಿಲ್ಲ. ತಾನಾಗಿಯೇ ಹಿಂದಿನ ಸಾಲಿಗೆ ಸರಿದು, ಕೆಲವು ದಿನಗಳಲ್ಲಿ ಬಾರದಾಗುತ್ತಾನೆ. ಅವನು ಕಳೆದುಕೊಂಡುದು ನಾಲ್ಕು ತಿಂಗಳ ಪಾಠವನ್ನಷ್ಟೇ ಅಲ್ಲ, ಮುಂದೆ ತನಗೂ ಒಂದು ದಾರಿಯುಂಟೆಂಬ ನಂಬಿಕೆಯನ್ನು.

ಇಂಥ ಮಗುವಿಗಾಗಿ ಶಾಲೆಯ ರಚನೆಯನ್ನೇ ಬದಲಿಸಬಹುದೆಂಬುದನ್ನು ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಶಿಕ್ಷಕರು ತೋರಿಸಿಕೊಟ್ಟರು. ಕಾಡಂಚಿನ ಆ ತಾಲೂಕಿನಲ್ಲಿಯೂ ಬಡತನ ಹೆಚ್ಚು, ಮಕ್ಕಳ ಗೈರುಹಾಜರಿ ಹೆಚ್ಚು. 1995ರಲ್ಲಿ ಅಲ್ಲಿಯ ಸರ್ಕಾರಿ ಪ್ರಾಥಮಿಕ ಶಾಲೆಗಳ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ಕಂಡುಬಂದು, ಯುನಿಸೆಫ್ ಸಂಸ್ಥೆಯ ನೆರವಿನಿಂದ, ತಾವೇ ಕೂಡಿ ಕುಳಿತು ‘ನಲಿ-ಕಲಿ’ ಎಂಬ ಪದ್ಧತಿಯನ್ನು ರೂಪಿಸಿದರು. ಪಾಠಗಳನ್ನು ಸಣ್ಣ ಮೆಟ್ಟಿಲುಗಳಾಗಿ ಒಡೆದು ಕಾರ್ಡುಗಳಿಗೆ ಇಳಿಸಿ, ಹಾಡು, ಕತೆ, ಆಟಗಳನ್ನು ಅವುಗಳೊಂದಿಗೆ ಹೆಣೆದರು. ಮಕ್ಕಳು ಸಾಲು ಬಿಟ್ಟು ಗುಂಪುಗಳಲ್ಲಿ ದುಂಡಗೆ ಕೂತರು. ಎಲ್ಲಕ್ಕಿಂತ ಹೆಚ್ಚಿನದು ಕಲಿಕೆಯ ಏಣಿ. ಮಗುವು ಎಷ್ಟು ದಿನ ತಪ್ಪಿಸಿಕೊಂಡಿದ್ದರೂ, ಬಂದ ದಿನ ತಾನು ಬಿಟ್ಟುಹೋದ ಮೆಟ್ಟಿಲಿನಿಂದಲೇ ಏರತೊಡಗಬಹುದು. ಹಿಂದೆ ಬಿದ್ದನೆಂಬ ಅವಮಾನಕ್ಕೆ ಅಲ್ಲಿ ಎಡೆಯಿಲ್ಲ. 2009ರ ಹೊತ್ತಿಗೆ ಈ ಪದ್ಧತಿಯು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳಗಿನ ತರಗತಿಗಳಿಗೆ ಹಬ್ಬಿತು.

ಏಣಿಯನ್ನು ಶಿಕ್ಷಕರು ಮಾಡಬಲ್ಲರು. ಅದನ್ನು ನಿಲ್ಲಿಸಲು ಗೋಡೆ ಬೇಕು. ಆ ಗೋಡೆಯೇ ಊರು. ಕರ್ನಾಟಕದಲ್ಲಿ 2001ರಿಂದ ಪಾಲಕರನ್ನು ಕೂಡಿಸಿಕೊಂಡ ಶಾಲಾಭಿವೃದ್ಧಿ ಸಮಿತಿಗಳು ಹುಟ್ಟಿದವು. 2009ರ ಶಿಕ್ಷಣ ಹಕ್ಕಿನ ಕಾಯಿದೆಯು ಇಂಥ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ತಾಯಿತಂದೆಗಳೇ ಇರಬೇಕೆಂದೂ, ಹಿಂದುಳಿದ ವರ್ಗಗಳ ಪಾಲಕರಿಗೆ ತಕ್ಕ ಸ್ಥಾನವಿರಬೇಕೆಂದೂ, ಅರ್ಧದಷ್ಟು ಹೆಣ್ಣುಮಕ್ಕಳಿರಬೇಕೆಂದೂ ವಿಧಿಸಿದೆ. ಶಾಲೆಯ ಅಭಿವೃದ್ಧಿಯ ಯೋಜನೆಯನ್ನು ಸಿದ್ಧಪಡಿಸುವ ಕರ್ತವ್ಯವೂ ಆ ಸಮಿತಿಯದೇ. ಸಾಲೋಟಗಿಯವರು ಕಲ್ಲಿನಲ್ಲಿ ಕೊರೆಯಿಸಿದ್ದನ್ನು ಈಗ ಕಾಯಿದೆಯು ಎಲ್ಲ ಊರುಗಳಿಗೂ ವಿಸ್ತರಿಸಿದೆಯೆನ್ನಬಹುದು.

ಆದರೆ ಸಭೆಯನ್ನು ಕೂಲಿಯ ಹೊತ್ತಿನಲ್ಲಿ ಕರೆದರೆ ಕೂಲಿಯವಳು ಬರಲಾರಳು. ಸಹಿಯೊಂದೇ ಮನೆಗೆ ಹೋಗಿ ಬರುವುದು. ದೀಪ ಹಚ್ಚುವ ಹೊತ್ತಿಗೆ ಸಭೆ ಕೂಡಿ, ಗುಳೆ ಹೋಗುವ ಮನೆಯವರನ್ನೇ ಮೊದಲು ಮಾತನಾಡಿಸಿದರೆ ಯೋಜನೆಯ ರೂಪವೇ ಬೇರೆಯಾದೀತು. ಮಗುವನ್ನು ಊರಲ್ಲಿಯೇ ಉಳಿಸಿಕೊಳ್ಳಲು ಯಾರ ಮನೆಯ ಪಡಸಾಲೆ ಬಿಡುವಾಗಿದೆ, ಸಂಜೆಯ ಓದಿಗೆ ಯಾವ ಗುಡಿಯಲ್ಲಿ, ಯಾವ ಮಠದಲ್ಲಿ ಎಡೆಯುಂಟು ಎಂಬುದನ್ನು ಬಲ್ಲವರು ಊರವರೇ. ಮಕ್ಕಳನ್ನೂ ಕೇಳಬೇಕು. ಗಿಡವನ್ನು ಎಲ್ಲಿ ನೆಡಬೇಕು, ಗೋಡೆಯ ಮೇಲೆ ಏನನ್ನು ಬರೆಯಬೇಕು ಎಂದು ಕೇಳಿಸಿಕೊಂಡ ಹುಡುಗನು ಆ ಶಾಲೆಯನ್ನು ತನ್ನದೆಂದು ಬಗೆಯುವನು. ತನ್ನದಾದುದರ ಕಡೆಗೆ ಮರಳಿ ಬರುವನು.

ಬಡ ಮಗುವಿಗೆ ಆಶೆಯನ್ನು ಬೋಧಿಸಿ ತುಂಬಲಾಗದು. ಸುಗ್ಗಿ ತೀರಿ ಊರಿಗೆ ಬಂದ ದಿನ ತನ್ನ ಜಾಗ, ತನ್ನ ಮೆಟ್ಟಿಲು, ತನ್ನ ಹೆಸರು ಹಾಗೆಯೇ ಇರುವುದನ್ನು ಕಂಡರೆ ಅದು ತಾನೇ ಮೂಡುವುದು. ಅಷ್ಟನ್ನು ಕಾದಿರಿಸುವ ಶಕ್ತಿ ಮನಗೂಳಿಯಂಥ ಪ್ರತಿಯೊಂದು ಊರಿಗೂ ಉಂಟು.