ಕಾಂದಾ ಗಂಡು, ಭೇಂಡಿ ಹೆಣ್ಣು

ಊರಿಗೆ ಹೋದಾಗಲೆಲ್ಲ ನನಗೆ ಎದುರಾಗುವ ಮೊದಲ ಪ್ರಶ್ನೆ "ಅಲ್ಲಿ ಮಳೆ ಹೆಂಗೆ?" ಎನ್ನುವುದು. ಎರಡನೆಯದು, "ಅದೇನು ಮರಾಠಿ ಅಷ್ಟು ಚೆನ್ನಾಗಿ ಮಾತಾಡ್ತೀಯಂತೆ, ಹೆಂಗೆ ಕಲ್ತೆ ಮಾರಾಯ್ತಿ?" ಕಲಿತೆ ಅನ್ನುವುದು ದೊಡ್ಡ ಮಾತು. ಕಲಿಯುವುದಕ್ಕೆ ಪುಸ್ತಕ, ಮೇಷ್ಟ್ರು, ಪರೀಕ್ಷೆ ಎಲ್ಲ ಬೇಕು. ನಾನು ಮಾಡಿದ್ದು ಪದಗಳನ್ನು ಒಟ್ಟುಮಾಡುವ ಕೆಲಸ. ಬೇಸಿಗೆಯಲ್ಲಿ ಬೆಟ್ಟದಿಂದ ದರಗು ಗುಡಿಸಿ ತಂದು ಕೊಟ್ಟಿಗೆಯ ಪಕ್ಕ ಒಟ್ಟುತ್ತಾರಲ್ಲ, ಹಾಗೆ.

ಸಾಗರದ ಹತ್ತಿರದ ಹಳ್ಳಿಯಿಂದ ಮದುವೆಯಾಗಿ ನಾನು ಡೊಂಬಿವಲಿಗೆ ಬಂದದ್ದು 1999ರಲ್ಲಿ. ಮುಂಬೈಗೆ ಹೊರಟಿದ್ದೇನೆ ಎಂದೇ ಊರಿನಲ್ಲಿ ಎಲ್ಲರಿಗೂ ಹೇಳಿದ್ದೆವು. ಡೊಂಬಿವಲಿ ಎಂದರೆ ಯಾರಿಗೆ ಗೊತ್ತಾಗಬೇಕು? ಠಾಣೆ ದಾಟಿ, ಕಲ್ಯಾಣ ಬರುವ ಮೊದಲು ಸಿಗುವ ಊರು ಅದು. ಮುಂಬೈಯಲ್ಲಿ ಹಿಂದಿ ಇದ್ದರೆ ಬದುಕಬಹುದು ಅನ್ನುತ್ತಾರೆ, ನಿಜವೇ. ಆದರೆ ಡೊಂಬಿವಲಿ ಮರಾಠಿ ಮಧ್ಯಮ ವರ್ಗದ ಊರು. ಫಡಕೆ ರಸ್ತೆಯ ಕೊನೆಯ ಗಣಪತಿ ಗುಡಿಯಿಂದ ಹಿಡಿದು ಮೆಟ್ಟಿಲ ಮೇಲೆ ಹಾಲಿನ ಲೆಕ್ಕ ಮಾತಾಡುವ ಹೆಂಗಸರವರೆಗೆ ಎಲ್ಲವೂ ಮರಾಠಿಯಲ್ಲೇ ನಡೆಯುತ್ತದೆ. ಇಲ್ಲಿ ಹಿಂದಿಯಲ್ಲಿ ಕೇಳಿದರೆ ತರಕಾರಿ ಸಿಗುತ್ತದೆ. ಮರಾಠಿಯಲ್ಲಿ ಕೇಳಿದರೆ ಅದರ ಮೇಲೊಂದು ಎಸಳು ಕರಿಬೇವೂ ಬೀಳುತ್ತದೆ.

ಹಾಗಾಗಿ ನೂರು ಪುಟದ ಒಂದು ನೋಟ್‌ಬುಕ್ ತಂದೆ. ಅಂಗಡಿಯಲ್ಲಿ ಸಿಗುವ 'ಮೂವತ್ತು ದಿನಗಳಲ್ಲಿ ಮರಾಠಿ' ಥರದ ಪುಸ್ತಕಗಳು ಸಿಂಹ, ಹುಲಿ, ರಾಜ, ಮಂತ್ರಿಗಳಿಂದ ಶುರುವಾಗುತ್ತವೆ. ಎರಡು ಕೋಣೆಯ ಮನೆಯಲ್ಲಿ ನನಗೆ ಸಿಂಹದಿಂದ ಏನಾಗಬೇಕು? ಬೆಳಿಗ್ಗೆ ಬಾಗಿಲು ತೆಗೆದಾಗಿನಿಂದ ರಾತ್ರಿ ಬಾಗಿಲು ಹಾಕುವವರೆಗೆ ಯಾವ ಮಾತು ಮೊದಲು ಬೇಕಾಗುತ್ತದೋ ಅದನ್ನೇ ಮೊದಲು ಬರೆದೆ. ಪಾಹಿಜೆ ಎಂದರೆ ಬೇಕು, ನಕೋ ಎಂದರೆ ಬೇಡ. ಆಹೇ, ನಾಹೀ, ಕಿತೀ, ಕುಠೇ, ಇಥೇ, ತಿಥೇ. ಲೋಕಲ್ಲಿನ ಬಾಗಿಲಲ್ಲಿ ನಿಂತವರಿಗೆ ಪುಢೇ, ಅಂದರೆ ಮುಂದೆ. ರಿಕ್ಷಾದವನಿಗೆ ಥಾಂಬಾ, ಅಂದರೆ ನಿಲ್ಲಿಸಿ. ಈ ಹತ್ತೇ ಮಾತಿನಲ್ಲಿ ಒಂದು ವಾರ ಸಲೀಸಾಗಿ ಕಳೆಯಬಹುದು, ಬೇಕಾದರೆ ಬಂದು ನೋಡಿ.

ಕನ್ನಡದವರಿಗೆ ಇಲ್ಲಿ ಒಂದು ಅನುಕೂಲ ಉಂಟು. ವಾಕ್ಯದ ಜೋಡಣೆ ಹೆಚ್ಚು ಕಡಿಮೆ ನಮ್ಮದೇ. 'ನನಗೆ ಬೇಕು' ಎಂಬುದಕ್ಕೆ 'ಮಲಾ ಪಾಹಿಜೆ', 'ನನಗೆ ಗೊತ್ತಿಲ್ಲ' ಎಂಬುದಕ್ಕೆ 'ಮಲಾ ಮಾಹೀತ ನಾಹೀ'. 'ಮರಾಠಿ ಬರುತ್ತಾ?' ಎಂದು ಕೇಳುವುದೂ 'ಮರಾಠೀ ಯೇತೇ ಕಾ?' ಎಂದೇ. ಎರಡು ಕಡೆಯೂ ಭಾಷೆ ಬರುತ್ತದೆ, ನಾವು ಅದರ ಹತ್ತಿರ ಹೋಗುವುದಿಲ್ಲ. 'ಥೋಡೀ ಥೋಡೀ ಯೇತೇ' ಎಂದು ಹೇಳಿಕೊಂಡೇ ನಾನು ಮೊದಲ ವರ್ಷ ದಾಟಿದೆ. ಇನ್ನೊಂದು ಅನುಕೂಲ ನಮ್ಮ ಳಕಾರ. ಹಿಂದಿಯವರ ನಾಲಿಗೆಯಲ್ಲಿ ಅದು ಸುಲಭಕ್ಕೆ ಹೊರಳುವುದಿಲ್ಲ. ನಾವು ಕೇಳೇ, ಡೋಳಾ, ನಾರಳ ಎಂದು ಸರಾಗವಾಗಿ ಅಂದುಬಿಟ್ಟರೆ ಬಾಳೆಹಣ್ಣಿನವನು ಒಂದು ಸಲ ತಲೆಯೆತ್ತಿ ನೋಡುತ್ತಾನೆ. ಚಕಾರ ಮಾತ್ರ ಎರಡು ಬಗೆ. ಬರೆಯುವುದು 'ಚಾಂಗಲಾ', ಹೇಳುವುದು 'ತ್ಸಾಂಗಲಾ'. ಅಂಥ ಪದಗಳ ಚಕಾರದ ಕೆಳಗೆ ನನ್ನ ನೋಟ್‌ಬುಕ್ಕಿನಲ್ಲಿ ಎರಡು ಚುಕ್ಕಿ ಇರುತ್ತಿತ್ತು.

ನಿಜವಾದ ಪಾಠ ನಡೆದದ್ದು ಸ್ಟೇಷನ್ ಪಕ್ಕದ ತರಕಾರಿ ಸಾಲಿನಲ್ಲಿ. ಕನ್ನಡದಲ್ಲಿ ಗಂಡಸು ಪುಲ್ಲಿಂಗ, ಹೆಂಗಸು ಸ್ತ್ರೀಲಿಂಗ, ಉಳಿದ ಲೋಕವೆಲ್ಲ ನಪುಂಸಕ. ಈರುಳ್ಳಿ, ಬೆಂಡೆ, ಬದನೆ ಎಲ್ಲವೂ 'ಅದು'. ಮರಾಠಿಯಲ್ಲಿ ಹಾಗಲ್ಲ. ಕಾಂದಾ, ಅಂದರೆ ಈರುಳ್ಳಿ, ಗಂಡು. ಭೇಂಡಿ ಹೆಣ್ಣು. ವಾಂಗಂ, ಅಂದರೆ ಬದನೆ, ಎರಡೂ ಅಲ್ಲದ್ದು. ಅದಕ್ಕೆ ತಕ್ಕ ಹಾಗೆ ದರ ಕೇಳುವ ಮಾತೂ ಬದಲಾಗಬೇಕು. 'ಕಾಂದಾ ಕಸಾ ದಿಲಾ? ಭೇಂಡೀ ಕಶೀ ದಿಲೀ? ವಾಂಗಂ ಕಸಂ ದಿಲಂ?' ಮೂರು ತರಕಾರಿಗೆ ಮೂರು ವ್ಯಾಕರಣ! ಚಹಾ ಗಂಡು, ಖುರ್ಚಿ ಹೆಣ್ಣು, ಹಾಲು ನಪುಂಸಕ. ಕಾರಣ ಕೇಳಬಾರದು. ಅತ್ತೆಮನೆಯ ಪದ್ಧತಿಗೆ ಕಾರಣ ಕೇಳುತ್ತೇವೆಯೇ? ಪದದ ಜೊತೆಗೇ ಅದರ ಲಿಂಗವನ್ನೂ ಬರೆದುಕೊಳ್ಳಬೇಕು, ಸೀರೆಯ ಜೊತೆಗೇ ಕುಪ್ಪಸದ ಬಟ್ಟೆ ತಂದ ಹಾಗೆ.

ಇನ್ನು ಅಂಕಿಗಳು. ನಮ್ಮ ಇಪ್ಪತ್ತೊಂದು, ಮೂವತ್ತೊಂದು, ನಲವತ್ತೊಂದು ಎಷ್ಟು ನೇರ ನೋಡಿ. ಮರಾಠಿಯಲ್ಲಿ ಏಕವೀಸ, ಏಕತೀಸ, ಎಕ್ಕೇಚಾಳೀಸ, ಎಕ್ಕಾವನ್ನ, ಏಕಸಷ್ಟ, ಏಕಾಹತ್ತರ. ಒಂದೊಂದೂ ಒಂದೊಂದು ಅವತಾರ. 2019ರಲ್ಲಿ ಇಲ್ಲಿನ ಸರಕಾರಿ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿ, ಎರಡನೇ ತರಗತಿಯ ಗಣಿತದಲ್ಲಿ ಏಕವೀಸಕ್ಕೆ 'ವೀಸ ಏಕ' ಎಂದೂ ಓದಬಹುದೆಂದು ಹೊಸ ಕ್ರಮ ತಂದಾಗ ಊರೆಲ್ಲ ಗದ್ದಲವಾಯಿತು. ಭಾಷೆಯನ್ನೇ ಕೆಡಿಸುತ್ತಿದ್ದಾರೆ ಎಂದು ಒಂದು ಪಕ್ಷ, ಮಕ್ಕಳಿಗೆ ಸುಲಭವಾಗಲಿ ಎಂದು ಇನ್ನೊಂದು ಪಕ್ಷ. ದಕ್ಷಿಣದ ಭಾಷೆಗಳಲ್ಲಿ ಹೀಗೇ ಅಲ್ಲವೇ ಎಂಬ ಮಾತೂ ಆಗ ಬಂತು. ನನಗೆ ಒಳಗೊಳಗೇ ನಗು. ಆ ಹೊತ್ತಿಗೆ ನಾನು ನೂರರವರೆಗಿನ ಹಳೆಯ ಕ್ರಮವನ್ನೇ ಉರುಹೊಡೆದು ಮುಗಿಸಿಯಾಗಿತ್ತು.

ಗಂಟೆ ಹೇಳುವುದರಲ್ಲೂ ಲೆಕ್ಕ ಬೇರೆ. ಸವ್ವಾ ನವು ಎಂದರೆ ಒಂಬತ್ತೂಕಾಲು, ಸಾಡೇ ನವು ಎಂದರೆ ಒಂಬತ್ತೂವರೆ. ಆದರೆ ಪಾವಣೇ ನವು ಎಂದರೆ ಒಂಬತ್ತಕ್ಕೆ ಕಾಲು ಕಮ್ಮಿ, ಅಂದರೆ ಎಂಟೂ ಮುಕ್ಕಾಲು. ನಾವು ಕಳೆದ ಗಂಟೆಯ ಮೇಲೆ ಕೂಡಿಸುತ್ತೇವೆ, ಇವರು ಬರುವ ಗಂಟೆಯಿಂದ ಕಳೆಯುತ್ತಾರೆ. ಒಂದೂವರೆಗೆ ದೀಡ, ಎರಡೂವರೆಗೆ ಅಡೀಚ. ಧಾರವಾಡದ ಕಡೆಯವರಿಗೆ ದೀಡ ಹೊಸದಲ್ಲ, ನಮ್ಮಂಥ ಮಲೆನಾಡಿನವರಿಗೆ ಹೊಸದು. ಲೋಕಲ್ ಗಾಡಿಯ ಊರಿನಲ್ಲಿ ಕಾಲು ಗಂಟೆಯೆಂದರೆ ಸಣ್ಣ ಮಾತಲ್ಲ. ಆ ಪುಟಕ್ಕೆ ಕೆಂಪು ಗೆರೆ ಹಾಕಿಟ್ಟಿದ್ದೆ.

ಹೀಗೆ ಬರೆಯುತ್ತ ಹೋದಂತೆ ಪರಕೀಯವೆಂದುಕೊಂಡ ಮನೆಯೊಳಗೆ ನಮ್ಮದೇ ಪಾತ್ರೆಗಳು ಸಿಗತೊಡಗಿದವು. ತುಪ್ಪಕ್ಕೆ ಇವರು ತೂಪ್ ಅನ್ನುತ್ತಾರೆ. ಅಕ್ಕಾ, ಅಣ್ಣಾ ಇಲ್ಲೂ ಇದ್ದಾರೆ. ಪಡುವಲಕಾಯಿ ಪಡವಳ, ತೊಂಡೆಕಾಯಿ ತೋಂಡಲೀ. ಹಿಂದಿಯಲ್ಲಿ ಶಿಕ್ಷಾ ಎಂದರೆ ವಿದ್ಯೆ. ಆದರೆ ಮರಾಠಿಯಲ್ಲಿ ನಮ್ಮ ಹಾಗೆಯೇ ಶಿಕ್ಷಣ ಬೇರೆ, ಶಿಕ್ಷೆ ಬೇರೆ. ಇದು ನಿನ್ನೆ ಮೊನ್ನೆಯ ನಂಟಲ್ಲ. ಜ್ಞಾನೇಶ್ವರರು ಪಂಢರಪುರದ ವಿಠ್ಠಲನನ್ನೇ 'ಕಾನಡಾ' ಎಂದು ಕರೆದರು. ಶ್ರವಣಬೆಳಗೊಳದಲ್ಲಿ ಗೊಮ್ಮಟನ ಪಾದದ ಬಳಿ ಕನ್ನಡ, ತಮಿಳು ಬರಹಗಳ ಜೊತೆಗೆ ಮರಾಠಿಯ ಬರಹವೂ ಇದೆ. ಮರಾಠಿಯ ಅತಿ ಹಳೆಯ ಶಾಸನವಾಕ್ಯ ಅದೇ ಎಂದು ಬಹುಕಾಲ ಹೇಳುತ್ತಿದ್ದರು. ಎದುರುಮನೆಯ ಕಾಕುವಿಗೆ ಇದನ್ನು ಹೇಳಿದಾಗ, "ಅಂದರೆ ನಮ್ಮ ಭಾಷೆ ನಿಮ್ಮ ಊರಿನಲ್ಲಿ ಬಾಡಿಗೆಗಿತ್ತು ಅನ್ನು" ಎಂದು ನಕ್ಕರು.

ನಂಟರಿದ್ದ ಮೇಲೆ ಮೋಸವೂ ಇರಬೇಕಲ್ಲ. ಕೆಲವು ಪದಗಳು ಮುಖ ನಮ್ಮದಿಟ್ಟುಕೊಂಡು ಒಳಗೆ ಬೇರೆಯೇ ಆಗಿರುತ್ತವೆ. ತಾಈ ಎಂದರೆ ತಾಯಿಯಲ್ಲ, ಅಕ್ಕ. ಹಲ್ಲೀ ಎಂದರೆ ಗೋಡೆಯ ಮೇಲಿನದ್ದಲ್ಲ, ಇತ್ತೀಚೆಗೆ. ಅವಘಡ ಎಂದರೆ ಅಪಾಯವೇನೂ ಆಗಿಲ್ಲ, ಕಷ್ಟ ಅಂತಷ್ಟೇ. ನನ್ನ ಅಮ್ಮ ಮೊದಲ ಸಲ ಬಂದಾಗ ಕಾಕು ಮಾತಿಗೊಮ್ಮೆ 'ಬರಂ, ಬರಂ' ಎಂದು ತಲೆಯಾಡಿಸುತ್ತಿದ್ದರು. ಸರಿ, ಆಗಲಿ ಎಂದು ಅದರ ಅರ್ಥ. ಅಮ್ಮ ಒಳಗೆ ಬಂದು ಮೆಲ್ಲಗೆ ಕೇಳಿದರು, "ಪಾಪ, ಇವರ ಊರಲ್ಲಿ ಈ ವರ್ಷ ಮಳೆ ಆಗ್ಲಿಲ್ವೇನೆ?"

ನೋಟ್‌ಬುಕ್ಕಿನಲ್ಲಿ ಇಂಥ ಪದಗಳು ಸಾವಿರದ ಹತ್ತಿರ ಬಂದಿದ್ದವು. ಆದರೂ ಒಂದು ಪದ ಬರೆದಿಟ್ಟುಕೊಂಡು ಆರು ವರ್ಷವಾದರೂ ಒಳಗೆ ಇಳಿದಿರಲಿಲ್ಲ. 'ನಾವು' ಎನ್ನಲು ಮರಾಠಿಯಲ್ಲಿ ಎರಡು ಮಾತುಗಳಿವೆ. ಆಮ್ಹೀ ಎಂದರೆ ನಾವು, ಆದರೆ ಎದುರಿಗಿರುವ ನೀವು ಅದರಲ್ಲಿ ಸೇರಿಲ್ಲ. ಆಪಣ ಎಂದರೆ ನಾವೂ ನೀವೂ ಕೂಡಿ. ಕನ್ನಡದ 'ನಾವು' ಬಾಗಿಲು ತೆರೆದ ಜಗಲಿಯ ಹಾಗೆ, ಯಾರು ಒಳಗೆ ಯಾರು ಹೊರಗೆ ಎಂದು ಹೇಳುವುದಿಲ್ಲ. ಮರಾಠಿ ಹೇಳಿಬಿಡುತ್ತದೆ. ಕಟ್ಟಡದ ಹೆಂಗಸರು 'ಆಮ್ಹೀ ಹಳದೀಕುಂಕೂ ಮಾಡುತ್ತೇವೆ, ನೀನೂ ಬಾ' ಎಂದು ಕರೆಯುತ್ತಿದ್ದರು. ಅದರಲ್ಲಿ ಪ್ರೀತಿ ಇತ್ತು, ಅರಿಶಿನ ಕುಂಕುಮ ಇತ್ತು, ಆದರೂ ಅದು ಆಮ್ಹೀ.

2005ರ ಜುಲೈ 26 ನಿಮಗೂ ನೆನಪಿರಬಹುದು. ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದ ದಿನ. ಆಗುಂಬೆಯ ಮಳೆ ನೋಡಿದವಳು ನಾನು, ಮಳೆಗೆ ಹೆದರುವವಳಲ್ಲ. ಆದರೆ ಅಲ್ಲಿ ನೀರಿಗೆ ಹೋಗಲು ಹಳ್ಳವಿದೆ. ಇಲ್ಲಿ ನೀರು ರಸ್ತೆಯಲ್ಲೇ ನಿಂತು ಏರತೊಡಗಿತು. ಮಧ್ಯಾಹ್ನವೇ ಲೋಕಲ್ಲುಗಳು ನಿಂತವು. ಆಮೇಲೆ ಕರೆಂಟು ಹೋಯಿತು, ಫೋನೂ ಹೋಯಿತು. ಹಿಂದಿನ ವರ್ಷವಷ್ಟೇ ಶುರುವಾಗಿದ್ದ ಠಾಣೆ-ವಾಶಿ ಗಾಡಿಯಲ್ಲಿ ನಮ್ಮವರು ನವಿ ಮುಂಬೈಯ ಕಾರ್ಖಾನೆಗೆ ಹೋಗಿದ್ದರು. ರಾತ್ರಿ ಹತ್ತಾದರೂ ಸುದ್ದಿಯಿಲ್ಲ. ನಾಲ್ಕು ವರ್ಷದ ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಮೇಣದ ಬತ್ತಿಯ ಮುಂದೆ ಕೂತಿದ್ದೆ.

ಕಾಕು ಬಾಗಿಲು ತಟ್ಟಿದರು. ಕೈಯಲ್ಲಿ ಪಾತ್ರೆ, ಅದರಲ್ಲಿ ಬಿಸಿ ಖಿಚಡಿ, ಮೇಲೆ ತೂಪ್. ಅವರ ಮಗನೂ ಮನೆಗೆ ಬಂದಿರಲಿಲ್ಲ. "ಕಾಳಜೀ ಕರೂ ನಕೋ" ಎಂದರು. ನಮ್ಮ ಕಿವಿಗೆ ಇದು 'ಕಾಳಜಿ ಮಾಡಬೇಡ' ಎಂದು ಕೇಳಿಸುತ್ತದೆ. ನಮ್ಮಲ್ಲಿ ಕಾಳಜಿ ಎಂದರೆ ಅಕ್ಕರೆಯ ಮುತುವರ್ಜಿ. ಮರಾಠಿಯಲ್ಲಿ ಅದೇ ಪದಕ್ಕೆ ಚಿಂತೆ ಎಂಬ ಅರ್ಥವೂ ಉಂಟು. ಅಕ್ಕರೆ ಇದ್ದಲ್ಲಿ ಚಿಂತೆ ಇರಲೇಬೇಕಲ್ಲ, ಎರಡಕ್ಕೂ ಒಂದೇ ಪದ ಸಾಕು ಅಂದುಕೊಂಡರೇನೋ ಇವರ ಹಿರಿಯರು. ಆಮೇಲೆ ನನ್ನ ಪಕ್ಕ ನೆಲದ ಮೇಲೆ ಕೂತು ಅಂದರು: "ಆಪಣ ಇಥೇಚ್ ಬಸೂ." ನಾವಿಲ್ಲೇ ಕೂತಿರೋಣ. ಆಪಣ ಎಂದರು, ಆಮ್ಹೀ ಅನ್ನಲಿಲ್ಲ. ಅವರು ಆರಿಸಿ ಆಡಿದ ಮಾತಲ್ಲ ಅದು, ವ್ಯಾಕರಣ ಹಾಗೆಯೇ ಇದೆ. ಆದರೆ ಬೆಳಗಿನ ಜಾವದವರೆಗೆ ಆ ಒಂದು ಪದವನ್ನು ಹಿಡಿದುಕೊಂಡು ಕೂತಿದ್ದೆ. ಮರುದಿನ ಅವರ ಮಗ ಬಂದ. ಸಂಜೆಗೆ ನಮ್ಮವರೂ ಹಳಿಗುಂಟ ನಡೆದು ಬಂದು ಮುಟ್ಟಿದರು.

ಪದಗಳು ಒಳಗೆ ಬರುವ ಬಾಗಿಲಿನಲ್ಲೇ ಕೆಲವು ಹೊರಗೂ ಹೋಗುತ್ತವೆ. ಇದನ್ನು ತಿಳಿಸಿಕೊಟ್ಟವಳು ಮಗಳು. ಆರನೆಯ ವಯಸ್ಸಿನಲ್ಲಿ ಒಂದು ದಿನ ಸಾಗರದ ಅಜ್ಜಿಗೆ ಫೋನಿನಲ್ಲಿ, "ಅಜ್ಜೀ, ನಂಗೆ ತುಂಬಾ ರಾಗ ಬಂದಿದೆ" ಎಂದಳು. ಮರಾಠಿಯಲ್ಲಿ ರಾಗ ಎಂದರೆ ಸಿಟ್ಟು. ಅಜ್ಜಿಗೆ ಸಂಭ್ರಮ. "ಯಾವ ರಾಗ ಪುಟ್ಟೀ? ಒಂಚೂರು ಹಾಡು ನೋಡಣ!" ನಾವೆಲ್ಲ ನಕ್ಕೆವು. ನಗುತ್ತಲೇ ನನಗೆ ಎದೆ ಧಸಕ್ಕೆಂದಿತು. ಅವಳ ಬಾಯಲ್ಲಿ ಸಿಟ್ಟು ಎಂಬ ಪದವೇ ಇರಲಿಲ್ಲ. ಸಿಟ್ಟು ಬಂದರೆ ಅವಳಿಗೆ ಮರಾಠಿಯೇ ಬರುತ್ತಿತ್ತು, ನಿದ್ದೆಯಲ್ಲಿ ಕನವರಿಸಿದರೂ ಅದೇ.

ಅದೇ ನೋಟ್‌ಬುಕ್ಕನ್ನು ತಿರುಗಿಸಿ ಹಿಂದಿನ ಪುಟದಿಂದ ಕನ್ನಡ ಬರೆಯತೊಡಗಿದೆ, ಈ ಸಲ ಅವಳಿಗಾಗಿ. ಸಿಟ್ಟು, ಮುನಿಸು, ಸೆಡವು, ಕೋಪ. ಇವು ಸುಲಭ, ಮನೆಯಲ್ಲೇ ದಿನಾ ತೋರಿಸಬಹುದು. ಆದರೆ ಕೊಟ್ಟಿಗೆ, ಒರಳು, ಹಂಡೆ, ಕಣಜ, ಗೊರಬು? ಡೊಂಬಿವಲಿಯ ಮೂರನೇ ಮಾಳಿಗೆಯಲ್ಲಿ ಕೂತು ಗೊರಬನ್ನು ಹೇಗೆ ತೋರಿಸುವುದು? ಚಿತ್ರ ಬರೆದೆ. ಮಗಳು ನೋಡಿ, "ಇದು ಆಮೆಯಾ ಅಮ್ಮಾ?" ಎಂದಳು. ಮರಾಠಿ ಕಲಿಯುವಾಗ ನನ್ನೆದುರು ವಸ್ತುವಿತ್ತು, ಅದಕ್ಕೆ ಹೆಸರು ಹುಡುಕುತ್ತಿದ್ದೆ. ಅವಳಿಗೆ ಕನ್ನಡ ಕಲಿಸುವಾಗ ಹೆಸರಿತ್ತು, ವಸ್ತು ಎಷ್ಟೋ ಹರದಾರಿ ಆಚೆ ಇತ್ತು. ಠಾಣೆ, ಕಲ್ಯಾಣ, ವಾಶಿ ಎಲ್ಲ ಕಡೆ ಕರ್ನಾಟಕ ಸಂಘಗಳಿವೆ. ನಾಟಕ, ಯಕ್ಷಗಾನ, ರಾಜ್ಯೋತ್ಸವ ನಡೆಯುತ್ತವೆ, ಕರೆದುಕೊಂಡು ಹೋದೆ. ಆದರೆ ಸಂಘ ತಿಂಗಳಿಗೊಮ್ಮೆ ಬರುವ ಹಬ್ಬ. ದಿನದ ಅನ್ನ ಮನೆಯಲ್ಲೇ ಬೇಯಬೇಕು. ಈಗ ಅವಳಿಗೆ ಇಪ್ಪತ್ತು ದಾಟಿದೆ, ಕನ್ನಡ ಚೆನ್ನಾಗಿಯೇ ಮಾತಾಡುತ್ತಾಳೆ. ಲೆಕ್ಕ ಮಾತ್ರ ಮರಾಠಿಯಲ್ಲೇ ಹಾಕುತ್ತಾಳೆ. ಇರಲಿ ಬಿಡಿ, ಆ ಕಷ್ಟದ ಅಂಕಿಗಳು ಬಂದವರು ಬಿಟ್ಟುಕೊಡಬಾರದು.

ಮೊನ್ನೆ ನಮ್ಮ ಕಟ್ಟಡಕ್ಕೆ ದಾವಣಗೆರೆಯ ಕಡೆಯ ಹೊಸ ಜೋಡಿ ಬಂದಿದೆ. ಆ ಹುಡುಗಿ ಮೆಟ್ಟಿಲಲ್ಲಿ ಸಿಕ್ಕಿ, "ಅಕ್ಕಾ, ನಂಗೆ ಒಂದಕ್ಷರ ಮರಾಠಿ ಬರಲ್ಲ, ಎಲ್ಲಿಂದ ಶುರು ಮಾಡ್ಲಿ?" ಎಂದಳು.

"ನಕೋದಿಂದ ಶುರು ಮಾಡು," ಎಂದೆ. "ಬೇಡ ಅನ್ನೋಕೆ ಬಂದ್ರೆ ಅರ್ಧ ಊರು ಗೆದ್ದ ಹಾಗೆ. ತರಕಾರಿ ತರೋವಾಗ ಕಾಂದಾ ಗಂಡು, ಭೇಂಡಿ ಹೆಣ್ಣು ಅಂತ ನೆನಪಿಟ್ಕೋ. ಮತ್ತೆ ಯಾರ ಮನೆಯಿಂದ ಹೊರಟ್ರೂ ಜಾತೇ ಅನ್ಬೇಡ. ಯೇತೇ ಅನ್ನು. ಬರ್ತೀನಿ ಅಂತ."

"ನಮ್ಮಲ್ಲೂ ಹಂಗೇ ಅಲ್ವಾ ಅಕ್ಕಾ? ಹೋಗ್ತೀನಿ ಅಂದ್ರೆ ನಮ್ಮಜ್ಜಿ ಬೈತಿದ್ರು," ಎಂದು ಅವಳು ಮೊಬೈಲಿನಲ್ಲಿ ಬರೆದುಕೊಳ್ಳಲು ಹೊರಟಳು. ನೋಟ್‌ಬುಕ್ಕಿನಲ್ಲಿ ಬರಿ, ಹಿಂದಿನ ಅರ್ಧ ಖಾಲಿ ಬಿಡು ಎಂದೆ. ಯಾಕೆ ಎಂದು ಕೇಳಿದಳು. ಮುಂದೆ ಬೇಕಾಗುತ್ತೆ ಎಂದಷ್ಟೇ ಹೇಳಿದೆ.