ಸೈಕಲ್ಲಿನ ಸೀಟು ಮತ್ತು ರವಿಕೆಯ ಟೇಪು

ನಿಮ್ಮ ಮನೆಯ ಜಗಲಿಯ ಮೂಲೆಯಲ್ಲೂ ಹಳೇ ಸೈಕಲ್ಲೊಂದು ಒರಗಿಕೊಂಡಿದೆಯೇ? ಗುಜರಿಯವನಿಗೆ ಕೊಡುವ ಮೊದಲು ನನ್ನ ಪಾಡು ಸ್ವಲ್ಪ ಕೇಳಿ.

ನನ್ನದು 1994ರ ಲೇಡೀಸ್ ಸೈಕಲ್ಲು. ಬೆಳ್ತಂಗಡಿಯ ಹೈಸ್ಕೂಲಿಗೆ ಸೇರಿದಾಗ ಅಮ್ಮ ಬೀಡಿ ಕಟ್ಟಿದ ದುಡ್ಡಿನಲ್ಲಿ ತೆಗೆಸಿಕೊಟ್ಟದ್ದು. ಹುಡುಗಿಗೆ ಸೈಕಲ್ ಎಂತಕ್ಕೆ ಅಂತ ಅಪ್ಪ ಗೊಣಗಿದರೂ ಅಮ್ಮ ಬಿಡಲಿಲ್ಲ. ಎಸ್ಸೆಸ್ಸೆಲ್ಸಿಗೇ ನನ್ನ ಓದು ನಿಂತಿತು. ಸೈಕಲ್ಲು ಮಾತ್ರ ಮದುವೆಯಾದ ಮೇಲೆ ನನ್ನ ಜೊತೆ ಬಂಟ್ವಾಳಕ್ಕೂ ಬಂತು. ಈಗ ದಿನಾ ಬೆಳಿಗ್ಗೆ ಹಾಲಿನ ಕ್ಯಾನು ಕಟ್ಟಿಕೊಂಡು ಸೊಸೈಟಿಗೆ ಹೋಗುವುದು ಅದರಲ್ಲೇ.

ಕಳೆದ ಮಳೆಗಾಲದಲ್ಲಿ ಸೀಟನ್ನು ಬಿಗಿದು ಹಿಡಿಯುವ ಕ್ಲಾಂಪು ತುಕ್ಕು ಹಿಡಿದು ತುಂಡಾಯಿತು. ಅಷ್ಟೇ ತಾನೇ ಅಂತ ಹತ್ತಿರದ ಅಂಗಡಿಗೆ ಹೋದೆ. ಅಲ್ಲಿಯ ಹುಡುಗ ಕಣ್ಣಳತೆಯಲ್ಲೇ ಒಂದು ಕೊಟ್ಟ. ಬೋಲ್ಟು ಪೂರ್ತಿ ತಿರುಗಿಸಿ ಕ್ಲಾಂಪಿನ ಎರಡೂ ಕಿವಿ ಒಂದಕ್ಕೊಂದು ತಾಗಿದರೂ ಸೀಟು ತಿರುಗುತ್ತಲೇ ಇತ್ತು. "ಒಳಗೆ ತಗಡಿನ ತುಂಡು ಇಟ್ಟು ಬಿಗಿ ಮಾಡಿ ಅಕ್ಕಾ, ಎಂತ ಆಗುದಿಲ್ಲ" ಅಂದ. ಮೂರನೇ ದಿನ ಇಳಿಜಾರಿನಲ್ಲಿ ಸೀಟು ಒಮ್ಮೆಲೇ ಕುಸಿದು, ನಾನೊಂದು ಕಡೆ, ಕ್ಯಾನೊಂದು ಕಡೆ. ಮಂಡಿ ತರಚಿದ್ದಕ್ಕಿಂತ ಆರು ಲೀಟರು ಹಾಲು ಚರಂಡಿಗೆ ಹರಿದದ್ದು ನೋಡಿ ಅಳು ಬಂತು.

"ಸಾಕು ಮಾರಾಯ್ತಿ, ಗುಜರಿಗೆ ಹಾಕುವ" ಅಂದರು ನಮ್ಮವರು. ಅಮ್ಮ ಈಗಿಲ್ಲ. ಅಮ್ಮನದು ಅಂತ ನನ್ನ ಹತ್ತಿರ ಉಳಿದಿರುವುದು ಅದೊಂದೇ. ನಾನು ಉತ್ತರ ಕೊಡಲಿಲ್ಲ.

ಮೂಡುಬಿದಿರೆಯಲ್ಲಿ ಚಿಕ್ಕಮ್ಮನ ಮನೆಗೆ ಪೂಜೆಗೆ ಹೊರಟಾಗ ಸೀಟಿನ ಪೈಪನ್ನು ಕೈಚೀಲಕ್ಕೆ ಹಾಕಿಕೊಂಡೆ. ಸಾವಿರ ಕಂಬದ ಬಸದಿಯ ಊರಿಗೆ ನಾನೊಂದು ಕಂಬ ಹೊತ್ತ ಹಾಗಾಯಿತು! ಅಲ್ಲಿಯ ಹಳೇ ಸೈಕಲ್ ಶಾಪಿನ ಹಿರಿಯರು ಅದನ್ನು ನೋಡಿ ನಕ್ಕರು. "ಇದು ಒಳಗಿನ ಪೈಪು ಅಮ್ಮಾ. ಕ್ಲಾಂಪು ಕೂರುವುದು ಹೊರಗಿನ ಫ್ರೇಮಿನ ಪೈಪಿನ ಮೇಲಲ್ವಾ? ಬಳೆಗೆ ಹೋದವರು ಬೆರಳು ತೋರಿಸಿದರೆ ಹೇಗೆ?"

ಹಳೇ ಉಕ್ಕಿನ ಸೈಕಲ್ಲುಗಳ ಫ್ರೇಮಿನ ಪೈಪು ಸಪೂರ, ಹೊರಗಿನ ಅಳತೆ ಹೆಚ್ಚಾಗಿ 28.6 ಮಿಲಿಮೀಟರ್, ಅಂದರೆ 1⅛ ಇಂಚು. ಈಗಿನ ಗೇರ್ ಸೈಕಲ್ಲುಗಳದ್ದು ದಪ್ಪ: 31.8, ಕೆಲವು 34.9. ಅಲ್ಯೂಮಿನಿಯಂ ಉಕ್ಕಿನಷ್ಟು ಬಿಗಿಯಲ್ಲವಲ್ಲ, ಅದಕ್ಕೇ ಪೈಪು ದಪ್ಪ ಮಾಡುತ್ತಾರಂತೆ. ನನಗೆ ಸಿಕ್ಕಿದ್ದು 31.8ರ ಕ್ಲಾಂಪು. ಮೂರು ಮಿಲಿಮೀಟರು ಅಂದರೆ ಎಷ್ಟು ಮಹಾ ಅನ್ನಬೇಡಿ, ನನ್ನ ಮಂಡಿಯನ್ನು ಕೇಳಿ.

ಇಷ್ಟು ಸೂಕ್ಷ್ಮವಾಗಿ ಅಳೆಯುವ ಸಾಧನ ಮನೆಯಲ್ಲಿ ಎಲ್ಲಿಂದ ಬರಬೇಕು ಅಂದೆ. "ರವಿಕೆ ಹೊಲಿಯುವ ಟೇಪು ಇಲ್ವಾ?" ಅಂದರು. ಸೀಟು ಎಳೆದು ತೆಗೆದು, ಕ್ಲಾಂಪು ಕೂರುವ ಜಾಗದ ತುಕ್ಕು ಕೆರೆದು, ನೂಲನ್ನು ಒಂದೇ ಸುತ್ತು ಬಿಗಿಯಾಗಿ ಸುತ್ತಬೇಕು. ಆ ನೂಲನ್ನು ಟೇಪಿನ ಮೇಲೆ ಹಿಡಿದಾಗ 9 ಸೆಂಟಿಮೀಟರ್ ಬಂದರೆ 28.6ರ ಕ್ಲಾಂಪು, 10 ಬಂದರೆ 31.8, 11 ಬಂದರೆ 34.9. "9 ಬಾರದಿದ್ದರೆ ವಾಪಸು ತನ್ನಿ" ಅಂತ ನಂಬಿಕೆಯ ಮೇಲೆ ಒಂದು ಕೊಟ್ಟು ಕಳಿಸಿದರು. ಬಂದವಳೇ ಸೀರೆ ಬದಲಾಯಿಸದೆ ಅಳೆದೆ. ಸರಿಯಾಗಿ ಒಂಬತ್ತು!

ಮಾವನವರ ಕಾಲದ ದೊಡ್ಡ ಕಪ್ಪು ಸೈಕಲ್ಲು ನಿಮ್ಮದಾದರೆ ಈ ತಲೆಬಿಸಿಯೇ ಇಲ್ಲ. ಅದರಲ್ಲಿ ಬಿಗಿಯುವ ಕಿವಿಗಳು ಫ್ರೇಮಿನಲ್ಲೇ ಇರುತ್ತವೆ, ಬೋಲ್ಟು ಬದಲಾಯಿಸಿದರೆ ಆಯಿತು. ಆದರೆ ಸೀಟಿನ ಪೈಪೇ ಫ್ರೇಮಿನೊಳಗೆ ಲಡಲಡ ಅಲ್ಲಾಡುತ್ತಿದ್ದರೆ ಯಾವ ಕ್ಲಾಂಪೂ ಹಿಡಿಯದು, ಪೈಪನ್ನೇ ಬದಲಾಯಿಸಬೇಕು.

ಕ್ಲಾಂಪಿನ ಬೆಲೆ ಅವತ್ತು ಚೆಲ್ಲಿದ ಹಾಲಿನ ಅರ್ಧವೂ ಇಲ್ಲ. ಹಾಕಿ ಎರಡು ತಿಂಗಳಾಯಿತು, ಸೀಟು ಕೂತಲ್ಲೇ ಕೂತಿದೆ. ಮೊನ್ನೆ ಸೊಸೈಟಿಗೆ ಹೊರಡುವಾಗ ನೋಡುತ್ತೇನೆ, ನಮ್ಮವರು ಕುಕ್ಕರಗಾಲಿನಲ್ಲಿ ಕೂತು ಚೈನಿಗೆ ಎಣ್ಣೆ ಬಿಡುತ್ತಿದ್ದಾರೆ.