ಎದೆಯ ನೀರು

ಮೆಸೊಥೆಲಿಯೋಮಾ ಎಂಬ ಹೆಸರು ನಮ್ಮ ನಾಲಗೆಗೆ ಒಗ್ಗುವ ಮೊದಲೇ ನಾವು ಅದರ ಚಿಕಿತ್ಸೆಯನ್ನು ಆರಿಸಬೇಕಾಯಿತು. ಸೋದರಮಾವನವರು ತಾರುಣ್ಯದಲ್ಲಿ ಮುಂಬಯಿಯ ಹಡಗು ದುರಸ್ತಿ ಅಂಗಳವೊಂದರಲ್ಲಿ ಬಾಯ್ಲರುಗಳಿಗೆ ಆಸ್‌ಬೆಸ್ಟಾಸ್ ಸುತ್ತುತ್ತಿದ್ದವರು. ಉಸಿರಿನೊಡನೆ ಒಳಸೇರಿದ ಆ ಕಲ್ನಾರು ಶ್ವಾಸಕೋಶದ ಹೊರಪೊರೆಯಲ್ಲಿ ಹುದುಗಿದ್ದು, ಮೂವತ್ತು ನಲವತ್ತು ವರ್ಷಗಳ ತರುವಾಯ ಕ್ಯಾನ್ಸರ್ ಆಗಿ ಎದ್ದೇಳುತ್ತದೆ. ಮನುಷ್ಯನಿಗೆ ಪಿಂಚಣಿ ಬರುವ ಕಾಲಕ್ಕೆ ಅದೂ ಬಾಕಿ ವಸೂಲಿಗೆ ಬರುತ್ತದೆ. (ಸರ್ಕಾರಿ ನೌಕರರಿಗೆ ಇಂಥ ಹೋಲಿಕೆಗಳೇ ಹೊಳೆಯುತ್ತವೆ.)

ಬಂಧುಗಳೆಲ್ಲರ ಒಲವು ಶಸ್ತ್ರಚಿಕಿತ್ಸೆಯತ್ತ. ಕಿತ್ತು ತೆಗೆದರೆ ಮುಗಿಯಿತೆಂಬ ನಂಬಿಕೆ. ಆದರೆ 2024ರಲ್ಲಿ ಪ್ರಕಟವಾದ ಬ್ರಿಟನ್ನಿನ ಮಾರ್ಸ್-2 ಅಧ್ಯಯನದಲ್ಲಿ, ಶಸ್ತ್ರಚಿಕಿತ್ಸೆಗೆ ತಕ್ಕವರೆಂದು ಆಯ್ದ ರೋಗಿಗಳ ನಡುವೆಯೇ, ಕೀಮೋಥೆರಪಿಯೊಂದನ್ನೇ ಪಡೆದವರ ಆಯುಸ್ಸಿನ ಮಧ್ಯಾಂಕ 24.8 ತಿಂಗಳು, ಪೊರೆಯನ್ನೂ ತೆಗೆಸಿಕೊಂಡವರದು 19.3. ನಿವೊಲುಮ್ಯಾಬ್, ಇಪಿಲಿಮುಮ್ಯಾಬ್ ಎಂಬ ಹೊಸ ಔಷಧಿಗಳ ಜೋಡಿಯೂ ಇತ್ತು. ಮಾವನವರದು ಎಪಿಥೆಲಿಯಾಯ್ಡ್ ಬಗೆ. ಅದರಲ್ಲಿ ಕೀಮೋಥೆರಪಿಗಿಂತ ದೊರೆಯುವ ಹೆಚ್ಚಳ ಅಲ್ಪ, ವೆಚ್ಚವೋ ಲಕ್ಷಗಳಲ್ಲಿ. ಉಳಿದದ್ದು ಎರಡು ದಶಕಗಳಿಂದ ರೂಢಿಯಲ್ಲಿರುವ ಪೆಮೆಟ್ರೆಕ್ಸೆಡ್, ಸಿಸ್‌ಪ್ಲಾಟಿನ್.

ನಾವು ತಿಂಗಳುಗಳನ್ನು ಎಣಿಸುತ್ತಿದ್ದಾಗ ಮಾವನವರು ನಾಲ್ಕು ದಿಂಬುಗಳಿಗೆ ಒರಗಿ ಕುಳಿತೇ ರಾತ್ರಿಗಳನ್ನು ಕಳೆಯುತ್ತಿದ್ದರು. ಎದೆಯಲ್ಲಿ ನೀರು ಮತ್ತೆ ಮತ್ತೆ ತುಂಬುತ್ತಿತ್ತು. ವೈದ್ಯರನ್ನು ಅವರು ಕೇಳಿದ್ದು ಒಂದೇ ಪ್ರಶ್ನೆ: “ಡಾಕ್ಟರೇ, ಮಲಗಿ ನಿದ್ದೆ ಮಾಡುವ ಹಾಗೆ ಆಗುತ್ತದೆಯೆ?”

ಅದಕ್ಕೊಂದು ದಾರಿಯಿತ್ತು. ಎದೆಗೂಡಿನೊಳಗೆ ಸಣ್ಣ ನಳಿಕೆಯೊಂದನ್ನು ಇರಿಸಿ, ತುಂಬಿದ ನೀರನ್ನು ಮನೆಯಲ್ಲಿಯೇ ಆಗಾಗ ಹರಿಯಬಿಡುವುದು. ರೋಗವನ್ನು ಅದು ಮುಟ್ಟುವುದಿಲ್ಲ. ಮಾವನವರು ಅದನ್ನೇ ಮೊದಲು ಬೇಕೆಂದರು, ಕೀಮೋಥೆರಪಿ ಆಮೇಲೆ. ಮೂರನೆಯ ರಾತ್ರಿ ಒಂದು ದಿಂಬು ಸಾಕೆಂದರು. ಉಳಿದ ಮೂರನ್ನು ಅತ್ತೆ ಕಪಾಟಿನಲ್ಲಿಟ್ಟರು.